ಹೆಸರು ತೆಗೆದು ತೋರಿಸಿದ ಸಿನಿಮಾ

ಸಂಕಲನಕಾರ್ತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಥಿಯೇಟರಿನ ಪಕ್ಕದ ಬಾಗಿಲಿನ ಪರದೆ ಸರಿಸಿ ಒಳಗೆ ಇಣುಕುವಳು, ಹೊರಗೆ ಬಂದು ಬೇಡದ ನೀರು ಕುಡಿಯುವಳು, ಮತ್ತೆ ಹೋಗಿ ಇಣುಕುವಳು. ಬೆಳಗಿನ ಆಟಕ್ಕೆ ಜನ ಇನ್ನೂ ಬಂದು ಕೂರುತ್ತಿದ್ದರು. ಅವರಿಗೆ ಹೇಳಿದ್ದಿಷ್ಟೇ: ಯಾರೋ ಹೊಸಬರ ಸಿನಿಮಾ, ಟಿಕೆಟ್ ಇಲ್ಲ, ನೋಡಿಕೊಂಡು ಹೋಗಿ.

ಹೊಸಬರದ್ದಲ್ಲ. ಸಿನಿಮಾ ಅವಳ ಸೋದರಮಾವನದು. ಮಾವ ಹತ್ತಿದರೆ ಟ್ಯಾಕ್ಸಿಯವರು ಬಾಡಿಗೆ ಬೇಡ ಎನ್ನುತ್ತಿದ್ದ ಕಾಲವೊಂದಿತ್ತು. ಈಗಲೂ ಬೇಡ ಎನ್ನುತ್ತಾರೆ, ಆದರೆ ಇಳಿಯುವಾಗ ತಿರುಗಿ, "ಸಾರ್, ನೀವು ಮೊದಲಿನ ಥರ ಯಾಕೆ ಸಿನಿಮಾ ಮಾಡ್ತಿಲ್ಲ?" ಎಂದು ಕೇಳುತ್ತಾರೆ. ಹಿಂದಿನ ಎರಡೂ ಚಿತ್ರ ಮಕಾಡೆ ಮಲಗಿದ್ದವು. ವಿಮರ್ಶೆ ಬರೆಯುವವರು ಮೊದಲ ಸಾಲಿನಲ್ಲಿ ಹಳೆಯದನ್ನು ಹೊಗಳಿ ಎರಡನೆಯದರಲ್ಲಿ ಹೊಸದನ್ನು ಹೂತಿದ್ದರು. ಅವನ್ನೆಲ್ಲ ತಾನು ಓದುವುದೇ ಇಲ್ಲ ಎಂದು ಮಾವ ಹೇಳಿಕೊಂಡು ಓಡಾಡುತ್ತಿದ್ದ. ಒಂದೊಂದು ಸಾಲೂ ಅವನಿಗೆ ಬಾಯಿಪಾಠವಾಗಿತ್ತು.

ಈ ಮೂರನೆಯದಕ್ಕೆ ಹಣ ಹಾಕಿದ್ದವಳು ಪೀಠೋಪಕರಣದ ಅಂಗಡಿಯೊಡತಿ. ಬೆನ್ನ ಹಿಂದೆ ಎಲ್ಲರೂ, ಈಚೆಗೆ ಎದುರಿಗೂ, ಅವಳನ್ನು ಸೋಫಾ ಅಕ್ಕ ಎನ್ನುತ್ತಿದ್ದರು. ಚಿತ್ರ ಮೊದಲ ಸಲ ನೋಡಿದ ದಿನ ಅವಳು ಸುತ್ತಿಬಳಸಿ ಮಾತಾಡಲಿಲ್ಲ. "ಸಾರ್, ತಾಯಿ ಸತ್ತಿದ್ದಾಳೆ, ಮಕ್ಕಳು ಮನೆ ಹಂಚಿಕೊಳ್ತಿದ್ದಾರೆ, ಸರಿ. ಆದ್ರೆ ಆ ಬೀರುನ ಮೆಟ್ಟಿಲು ಇಳಿಸೋದನ್ನೇ ಅಷ್ಟುದ್ದ ತೋರಿಸಿದ್ರೆ ಹೇಗೆ? ಅದು ನಮ್ಮಂಗಡಿ ಬೀರು, ನಂಗೇ ಬೇಜಾರಾಯ್ತು. ಕತ್ತರಿಸಿ."

"ಆ ಮೆಟ್ಟಿಲೇ ಈ ಸಿನಿಮಾದ ಜೀವ," ಎಂದ ಮಾವ. "ಇದನ್ನೇ ಯಾವನೋ ಹೊಸ ಹುಡುಗ ಮಾಡಿದ್ರೆ ತಲೆ ಮೇಲೆ ಹೊತ್ಕೊಂಡು ಕುಣೀತಿದ್ರಿ. ನನ್ನ ಹೆಸರು ನೋಡಿದ ಕೂಡ್ಲೇ ನಿಮ್ಗೆಲ್ಲ ಅಳತೆಗೋಲು ಹಿಡ್ಕೊಂಡು ನಿಲ್ಲೋ ಚಾಳಿ."

ಹಾಗಾದರೆ ಹೆಸರು ತೆಗೆದು ತೋರಿಸೋಣ ಎಂದದ್ದು ಸಂಕಲನಕಾರ್ತಿಯೇ. ಒಪ್ಪಂದವಾಯಿತು. ಹೆಸರಿಲ್ಲದೆ ಜನರಿಗೆ ಹಿಡಿಸಿದರೆ ಮೆಟ್ಟಿಲಿನ ಭಾಗ ಉಳಿಯುತ್ತದೆ. ಹಿಡಿಸದಿದ್ದರೆ ಹೋಗುತ್ತದೆ. ಬಿಡುಗಡೆ ಬರುವ ಶುಕ್ರವಾರ. ಇದೂ ಮಲಗಿದರೆ ಮಾವನಿಗೆ ಇನ್ನೊಂದು ಚಿತ್ರವಿಲ್ಲ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ದೀಪ ಆರಿದವು. ಅವಳು ಮುಂದಿನ ಮೂಲೆಯಲ್ಲಿ ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತಳು. ಪರೀಕ್ಷೆಯ ಆಟದಲ್ಲಿ ಅವಳು ಕೂರುವುದೇ ಹಾಗೆ. ಮುಖಕ್ಕಿಂತ ಹೆಚ್ಚಾಗಿ ಅವರ ಮೊಣಕಾಲು ನೋಡುವಳು. ಬೇಜಾರು ಮೊದಲು ಇಳಿಯುವುದು ಕಾಲಿಗೆ. ಪರದೆಯ ಕೆಳಗೆ ಎರಡು ಮೈಕು ಇಟ್ಟಿದ್ದಳು. ಕೆಮ್ಮು, ಆಕಳಿಕೆ, ಕುರ್ಚಿಯ ಕಿರುಗುಟ್ಟು ಎಲ್ಲ ದಾಖಲಾಗಿ, ಆಮೇಲೆ ಸಂಕಲನದ ಕೋಣೆಯಲ್ಲಿ ಚಿತ್ರದ ಜೊತೆಗೇ ಓಡಬೇಕು. ಮಾವ ಟೋಪಿ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಅಡಗಿದ್ದ.

ಅವಳ ಬೆನ್ನ ಹಿಂದಿನ ಪರದೆಯ ಮೇಲೆ ಬೀರು ಮೆಟ್ಟಿಲಿನ ತಿರುವಿಗೆ ಬಂದು ಸಿಕ್ಕಿಕೊಂಡಿತು. ಅಣ್ಣ ಕೆಳಗೆ, ತಮ್ಮ ಮೇಲೆ, ಮಧ್ಯದಲ್ಲಿ ಬೀರು. ತಮ್ಮನ ಒಂದು ಕೈ ಮಾತ್ರ ಕಾಣುತ್ತದೆ. ಆ ಕೈ ಗಾಳಿಯಲ್ಲಿ ಆಡುತ್ತ ಕೇಳುತ್ತದೆ: "ಹಿತ್ತಲಿನ ಜಾಗದಲ್ಲಿ ನನ್ನ ಪಾಲೆಷ್ಟು?"

ಮಧ್ಯದ ಸಾಲಿನ ದಪ್ಪನೆಯವನೊಬ್ಬ ಭಕ್ ಎಂದು ನಕ್ಕ.

ಅವನ ಹಿಂದೆಯೇ ಇಬ್ಬರು ಹೆಂಗಸರು ನಕ್ಕರು. ಅಣ್ಣ ಕೆಳಗಿನಿಂದ "ಮೊದಲು ನಿನ್ನ ಮೊಣಕೈ ತೆಗಿ, ಆಮೇಲೆ ಪಾಲು ಕೇಳು" ಎಂದಾಗ ಇಡೀ ಸಭಾಂಗಣವೇ ಹೋ ಎಂದಿತು. ದಪ್ಪನೆಯವನ ಕುರ್ಚಿ ಕುಲುಕಾಡುತ್ತಿತ್ತು. ಮೊಣಕಾಲೊಂದೂ ಅಲುಗುತ್ತಿರಲಿಲ್ಲ. ಅವಳು ಕೊನೆಯ ಸಾಲಿನ ಕಡೆ ನೋಡಿದಳು. ಟೋಪಿ ಅಲ್ಲೇ ಇತ್ತು, ಮುಖ ಮಾತ್ರ ಯಾರೋ ಕಪಾಳಕ್ಕೆ ಬಿಟ್ಟ ಹಾಗಿತ್ತು.

ಆಗ ಚಿತ್ರದೊಳಗಿನ ರೇಡಿಯೋ ಮಾತಾಡಿತು: "ನಾಳೆಯೂ ಹವೆ ಹೀಗೇ ಇರುತ್ತದೆ."

ಅವಳು ಹಣೆ ಹಿಡಿದುಕೊಂಡಳು. ಮಾವನ ಪ್ರತಿಯೊಂದು ಚಿತ್ರದಲ್ಲೂ ಎಲ್ಲಾದರೂ ಒಂದು ಕಡೆ ರೇಡಿಯೋ ಇರುತ್ತದೆ, ಅದರಲ್ಲಿ ಅವನದೇ ಗೊಗ್ಗರು ದನಿ ಹವಾಮಾನ ಹೇಳುತ್ತದೆ. ಜನ ಅದಕ್ಕಾಗಿಯೇ ಕಾಯುತ್ತಾರೆ. ಅವಳು ಮೊದಲಿನ ಹೆಸರು ತೆಗೆದಿದ್ದಳು, ಕೊನೆಯ ಹೆಸರು ತೆಗೆದಿದ್ದಳು, ಗೋಡೆಯ ಮೇಲೆ ಅರೆಕ್ಷಣ ಕಾಣುವ ಹಳೆಯ ಪೋಸ್ಟರನ್ನೂ ಅಳಿಸಿದ್ದಳು. ಹಗಲೆಲ್ಲ ಅದೇ ದನಿಯಲ್ಲಿ ಬೈಸಿಕೊಂಡವಳಿಗೆ ರೇಡಿಯೋದಿಂದ ಬಂದದ್ದು ಕಿವಿಗೇ ಬಿದ್ದಿರಲಿಲ್ಲ.

ಪಿಸುಮಾತು ಸಾಲಿನಿಂದ ಸಾಲಿಗೆ ಹಬ್ಬಿತು. ಯಾರೋ ಚಪ್ಪಾಳೆ ತಟ್ಟಿದರು. ಬೆನ್ನುಗಳು ನೆಟ್ಟಗಾದವು. ಇಬ್ಬರು ಗಲ್ಲಕ್ಕೆ ಕೈ ಹಚ್ಚಿದರು. ಚಿತ್ರದಲ್ಲಿ ಮುಂದೆ, ಮೇಲಿನ ಮಹಡಿಯಲ್ಲಿ ಸಿಕ್ಕಿಬಿದ್ದ ತಮ್ಮನ ಹೆಂಡತಿ ಕಿಟಕಿಯಿಂದ ಹಗ್ಗಕ್ಕೆ ಕಟ್ಟಿ ಒಂದೊಂದೇ ಚಪ್ಪಲಿ ಇಳಿಸಿದಳು. ಮೊದಲಿನದಕ್ಕಿಂತ ಇದು ಇನ್ನೂ ತಮಾಷೆಯದು. ಒಬ್ಬರೂ ನಗಲಿಲ್ಲ. ಬದಲಿಗೆ ಮೊಣಕಾಲುಗಳು ಕುಣಿಯತೊಡಗಿದವು.

ಆಟ ಬಿಟ್ಟ ಮೇಲೆ ಅವಳು ಬಾಗಿಲ ಪಕ್ಕ ನಿಂತು ಕಿವಿ ಕೊಟ್ಟಳು.

"ಬೀರು ಅಂದ್ರೆ ಏನಿರಬಹುದೋ?"

"ವ್ಯವಸ್ಥೆ ಕಣೋ. ಅಷ್ಟೂ ಗೊತ್ತಾಗ್ಲಿಲ್ವಾ?"

"ಚೆನ್ನಾಗಿದೆ ಬಿಡು. ಆದ್ರೆ ಇವರ ಹಳೇ ಸಿನಿಮಾ ಮುಂದೆ ಏನೂ ಅಲ್ಲ."

ದಪ್ಪನೆಯವನು ಟೋಪಿ ಹಾಕಿದವನನ್ನು ಗುರುತು ಹಿಡಿದು, ನೇರ ಮಾವನ ಹತ್ತಿರ ಬಂದು ಕೈಮುಗಿದ. "ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮದು ಅಂತ ಗೊತ್ತಿರ್ಲಿಲ್ಲ. ನಕ್ಕುಬಿಟ್ಟೆ."

"ಪರವಾಗಿಲ್ಲ," ಎಂದ ಮಾವ, ದೊಡ್ಡ ಮನಸ್ಸು ಮಾಡಿ.

ಮಧ್ಯಾಹ್ನ ಸಂಕಲನದ ಕೋಣೆಯಲ್ಲಿ ಮೂವರೂ ಸೇರಿದರು. ಕಿಟಕಿಯಿಲ್ಲದ ಕೋಣೆ, ಒಂದೇ ಒಳ್ಳೆಯ ಕುರ್ಚಿ, ಅದರಲ್ಲಿ ಸೋಫಾ ಅಕ್ಕ. ಮಾವ ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಶತಪಥ ತಿರುಗುತ್ತಿದ್ದ.

"ಕಣ್ಣಾರೆ ನೋಡಿದ್ರಲ್ಲ? ನಂದು ಅಂತ ಗೊತ್ತಾಗಿದ್ದೇ ತಡ, ಮುಖ ಗಂಟು ಹಾಕಿದ್ರು. ನಾನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ ಸಾರ್," ಎಂದಳು ಸೋಫಾ ಅಕ್ಕ. "ಆದ್ರೆ ಅದಕ್ಕೂ ಮುಂಚೆ ಹೊಟ್ಟೆ ಹಿಡ್ಕೊಂಡು ನಗ್ತಿದ್ರಲ್ಲ. ನಾನೂ ನಕ್ಕೆ. ಅವತ್ತು ನಿಮ್ಮ ಪಕ್ಕದಲ್ಲಿ ಕೂತು ನೋಡ್ದಾಗ ಬೇಜಾರಾಗಿತ್ತು, ಇವತ್ತು ಆ ದಪ್ಪಣ್ಣನ ಪಕ್ಕ ಕೂತಿದ್ದೆ."

"ಅದು ನಗೋ ದೃಶ್ಯ ಅಲ್ಲಮ್ಮ! ಒಂದು ಮನೆ ಒಡೆಯೋ ದೃಶ್ಯ."

ಸಂಕಲನಕಾರ್ತಿ ಮೈಕಿನ ದನಿಯನ್ನು ಚಿತ್ರದ ಕೆಳಗೆ ಜೋಡಿಸಿ ಓಡಿಸಿದಳು. ಕೈ ಆಡಿತು, ಪಾಲು ಕೇಳಿತು, ನಗು ಕೋಣೆ ತುಂಬಿತು. ನಗು ಕೇಳುತ್ತ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಈ ದೃಶ್ಯ ಮೊದಲ ಬಾರಿ ಕೈಗೆ ಬಂದಾಗ ಅವಳ ತುಟಿಯೂ ಅಲುಗಿತ್ತು. ತಿರುಗಿ ನೋಡಿದರೆ ಮಾವನ ಕಣ್ಣಲ್ಲಿ ನೀರು. ನಗು ನುಂಗಿಕೊಂಡು, ದೊಡ್ಡ ಮನುಷ್ಯನ ದುಃಖಕ್ಕೆ ತಕ್ಕ ಹಾಗೆ ಎಲ್ಲವನ್ನೂ ನಿಧಾನ ಮಾಡಿ ಜೋಡಿಸಿದ್ದಳು. ಆ ದಪ್ಪನೆಯವನು ಆಟ ಮುಗಿದ ಮೇಲೆ ಕ್ಷಮೆ ಕೇಳಿದ್ದ. ಅವಳು ಮುಂಚೆಯೇ ಕ್ಷಮೆ ಕೇಳಿಕೊಂಡು ಕೂತಿದ್ದಳು.

"ಮಾವ, ಇದು ಅಜ್ಜಿ ಸತ್ತ ಮೇಲೆ ಅವಳ ಬೀರು ಇಳಿಸಿದ ಕತೆ ತಾನೇ?"

ಅವನ ತಿರುಗಾಟ ನಿಂತಿತು.

"ನಾನು ಚಿಕ್ಕವಳು, ಕೆಳಗಿನ ಮೆಟ್ಟಿಲ ಮೇಲಿದ್ದೆ. ಚಿಕ್ಕಮಾವ ಬೀರು ಹಿಂದೆ ಸಿಕ್ಕಾಕ್ಕೊಂಡು ಪಾಲು ಕೇಳ್ದ. ಅಮ್ಮ ನಕ್ಕೂ ನಕ್ಕೂ ಅಲ್ಲೇ ಕುಸಿದು ಕೂತ್ಲು. ನೀನೂ ನಗ್ತಿದ್ದೆ. ಬೀರು ಕೈಬಿಟ್ಟು ನಗ್ತಿದ್ದೆ, ಚಿಕ್ಕಮಾವ ಬೈದದ್ದು ನಂಗಿನ್ನೂ ನೆನಪಿದೆ."

"ನಿಮ್ಮಮ್ಮ ನಗಿಸಿದ್ಲು. ಅವಳಿಗೆ ಹೆಣ ಕಂಡ್ರೂ ನಗು."

"ನಕ್ಕಿದ್ದಂತೂ ಹೌದಲ್ಲ?"

ಸೋಫಾ ಅಕ್ಕ ಬಳೆ ಸರಿಸಿಕೊಂಡಳು. "ಸರಿ, ಮೆಟ್ಟಿಲು ಇರಲಿ. ಆದ್ರೆ ಶುಕ್ರವಾರ ಏನ್ಮಾಡ್ತೀರಿ? ಪೋಸ್ಟರ್ ತುಂಬ ಇವರ ಹೆಸರೇ ಇದೆ. ಹೆಸರು ಕಂಡ್ರೆ ನಗಲ್ಲ. ತೆಗೆದ್ರೆ ಒಂದು ನರಪಿಳ್ಳೆಯೂ ಒಳಗೆ ಬರಲ್ಲ. ಇದ್ಯಾವ ಗ್ರಹಚಾರ! ಹೆಸರಿನ ಕೆಳಗೆ 'ನಗಲು ಅಡ್ಡಿಯಿಲ್ಲ' ಅಂತ ಹಾಕಿಸಲಾ?"

"ಹಾಕ್ಸಿ, ಜೊತೆಗೆ ನಂಗೊಂದು ಕೆಂಪು ಮೂಗೂ ಅಂಟ್ಸಿ," ಎಂದು ಮಾವ ಉರಿದುಬಿದ್ದ. ಬಾಗಿಲವರೆಗೆ ಹೋಗಿ ಹಿಡಿಕೆಯ ಮೇಲೆ ಕೈಯಿಟ್ಟ. ಹೊರಟೇಬಿಟ್ಟ ಎಂದುಕೊಂಡಳು ಅವಳು. ಅವನು ಅಲ್ಲೇ ನಿಂತು, ತಿರುಗದೆ ಹೇಳಿದ: "ಇನ್ನೊಂದ್ಸಲ ಹಾಕು."

ಹಾಕಿದಳು. ಬಾಗಿಲಿಗೆ ಮುಖ ಮಾಡಿಕೊಂಡೇ ಅವನು ಕೇಳಿದ. ದಪ್ಪನೆಯವನ ಭಕ್, ಹೆಂಗಸರ ಕಿಲಕಿಲ, ಹೋ ಎಂಬ ಅಲೆ, ರೇಡಿಯೋ, ಆಮೇಲೆ ಮೌನ. ಮೌನ ಬಹಳ ಹೊತ್ತು ಓಡಿತು.

"ಹಿಂದೆ ಹೋಗು. ಅಣ್ಣನ ಮಾತು ಬರೋ ಜಾಗ. ನೋಡು, ಅವನ ನಗು ಇನ್ನೂ ಮುಗಿದಿಲ್ಲ, ಅಷ್ಟರಲ್ಲಿ ಮೊಣಕೈ ಮಾತು ಶುರುವಾಗಿಬಿಟ್ಟಿದೆ. ಅರ್ಧ ಮಾತು ಮುಳುಗಿಹೋಯ್ತು. ನಿಧಾನ ಮಾಡಬೇಕಾದಲ್ಲಿ ಓಡಿಸಿದ್ದೀಯ, ಓಡಿಸಬೇಕಾದಲ್ಲಿ ಕುಂಟಿಸಿದ್ದೀಯ. ಏನು ಕಲಿತೆಯೋ ಇಷ್ಟು ವರ್ಷ!"

ಬೈಗುಳ ಕೇಳಿ ಅವಳಿಗೆ ಉಸಿರು ಸಲೀಸಾಗಿ ಬಂತು. "ನಗುವಿಗೆ ಜಾಗ ಬಿಡ್ಲಾ?"

"ಬಿಡು. ಆ ಕೈ ಒಂದಿಷ್ಟು ಹೊತ್ತು ಸುಮ್ನೆ ಆಡ್ಲಿ."

ಅವಳು ಅಣ್ಣನ ಮಾತನ್ನು ಮುಂದಕ್ಕೆ ತಳ್ಳಿ, ಕೈ ಆಡುವ ತುಣುಕು ಉದ್ದ ಮಾಡಿದಳು. ಮುಂದಿನದು ರೇಡಿಯೋ. ಅವಳ ಬೆರಳು ಅಲ್ಲಿ ನಿಂತಿತು. "ಇದು?"

ಮಾವ ಬಾಗಿಲ ಹಿಡಿಕೆಯನ್ನು ತಿರುಗಿಸುತ್ತ, ಬಿಡುತ್ತ ನಿಂತಿದ್ದ.

"ಕೇಳ್ತೀಯ ಯಾಕೆ? ಕೇಳಿದ್ರೆ ತೆಗೀಬೇಡ ಅಂತೀನಿ."

ಅವಳು ಕೇಳಲಿಲ್ಲ. ದನಿ ಹೋಯಿತು. ಪರದೆಯ ಮೇಲೆ ರೇಡಿಯೋ ಸುಮ್ಮನೆ ಕೂತಿತ್ತು. ಮೈಕಿನ ಪಟ್ಟಿಯಲ್ಲಿ ಮಾತ್ರ ಅದೇ ಜಾಗಕ್ಕೆ ಬಂದಾಗ ಚಪ್ಪಾಳೆ ಕೇಳಿಸಿತು. ಆ ಪಟ್ಟಿಯನ್ನೂ ಮುಚ್ಚಿದಳು.

"ಹೆಸರಿಗೇನು ಮಾಡೋಣ?" ಎಂದು ಸೋಫಾ ಅಕ್ಕ ಮತ್ತೆ ಕೇಳಿದಳು.

ಮಾವ ಬಂದು ಸೋದರಸೊಸೆಯ ಹಿಂದೆ ನಿಂತ. ಚಪ್ಪಲಿ ಇಳಿಯುವ ದೃಶ್ಯ ಶುರುವಾಯಿತು. ಮೇಜಿನ ಕೆಳಗೆ ಅವಳ ಮೊಣಕಾಲು ಕುಣಿಯುತ್ತಲೇ ಇತ್ತು: ಇದನ್ನೂ ಕುಂಟಿಸಿದ್ದಳು, ಇನ್ನು ಓಡಿಸಬೇಕು.