ಕಿಟಕಿ ಪಕ್ಕದ ಸರದಿ

ನಮ್ಮ ಲೋಕಲ್ ರೈಲಿಗೆ ಹತ್ತಲು ಬುದ್ಧಿ ಬೇಕಿಲ್ಲ, ಹಿಂದಿನವರು ತಳ್ಳಿದರೆ ಸಾಕು. ಇಳಿಯುವುದಕ್ಕೇ ಪುಣ್ಯ ಮಾಡಿರಬೇಕು. ನಡುವೆ ಇಳಿಯುವವರು ಬಾಗಿಲಿಗೇ ಅಂಟಿಕೊಂಡಿರಬೇಕು, ಕೊನೆಯವರೆಗೆ ಹೋಗುವವರು ಒಳಗೆ ಸರಿಯಬೇಕು. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ದುಡಿಯುವ ನಾನು ದಿನವೂ ಕೊನೆಯವರೆಗೆ ಹೋಗುವವಳು.

ಆ ದಿನ ಮಾತ್ರ ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಅಮ್ಮನಿಗೆ ಹೃದಯದ ಆಪರೇಷನ್. ಒಳಗೆ ಹೋಗುವ ಮುಂಚೆ ನನ್ನ ಮುಖ ನೋಡಲೇಬೇಕೆಂದು ಹಠ ಹಿಡಿದಿದ್ದಳು. ತಮ್ಮ ಅವಳ ಜೊತೆಗಿದ್ದ. ಮಗಳನ್ನು ಶಾಲೆಗೆ ಬಿಟ್ಟು ನಾನು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ರೈಲು ಹಿಡಿದಿದ್ದೆ.

ಹೆಂಗಸರ ಡಬ್ಬಿಯಲ್ಲಿ ನಮ್ಮದೊಂದು ಗುಂಪು. ಅದಕ್ಕೆ ಬ್ಯಾಂಕಿನಕ್ಕನೇ ಯಜಮಾನಿ. ಕಿಟಕಿ ಪಕ್ಕದ ಸೀಟಿಗೆ ದಿನಕ್ಕೊಬ್ಬರಂತೆ ಸರದಿ ಹಾಕಿದವಳೂ ಅವಳೇ. ಬಾಗಿಲಲ್ಲಿ ನಿಂತ ನನ್ನ ರಟ್ಟೆ ಹಿಡಿದು ಎಳೆದೇಬಿಟ್ಟಳು.

"ಇವತ್ತು ನಿಂದೇ ಸರದಿ ಕಣೇ, ಬಾ ಒಳಗೆ!"

"ಬೇಡಕ್ಕ, ನಡುವೆ ಇಳೀಬೇಕು. ಅಮ್ಮಂಗೆ ಆಪರೇಷನ್ನು."

"ಅಯ್ಯೋ, ಹಾಗಾದ್ರೆ ಮೊದ್ಲು ಕೂತ್ಕೋ. ಮುಖ ನೋಡು ಹೇಗಾಗಿದೆ. ಇಳಿಸೋಕೆ ನಾವಿಲ್ವಾ?"

ಪ್ರೀತಿಗೆ ಎದುರಾಡುವುದು ಹೇಗೆ? ಕೂತೆ. ಗಾಳಿ ಹಿತವಾಗಿತ್ತು. ನಮ್ಮ ಗುಂಪಿನ ಟೀಚರಮ್ಮ ನೀರಿನ ಬಾಟಲಿ ಕೊಟ್ಟಳು. ಈ ಹೆಂಗಸರಿಲ್ಲದಿದ್ದರೆ ನಾನು ಎಂದೋ ಕೆಲಸ ಬಿಡುತ್ತಿದ್ದೆ.

ಆಸ್ಪತ್ರೆಯ ನಿಲ್ದಾಣ ಹತ್ತಿರವಾದಾಗ ಎದ್ದೆ. ಎದುರಿಗೆ ಬೆನ್ನುಗಳದೇ ಗೋಡೆ. "ಜಾಗ ಬಿಡ್ರೀ, ಇಳಿಯೋರಿದ್ದಾರೆ!" ಎಂದು ನಮ್ಮ ಗುಂಪೆಲ್ಲ ಕೂಗಿತು. ಬ್ಯಾಂಕಿನಕ್ಕ ನನ್ನ ಬ್ಯಾಗು ಕಿತ್ತುಕೊಂಡು ಮುಂದಿನವಳಿಗೆ ದಾಟಿಸಿದಳು. ಬ್ಯಾಗು ತಲೆಗಳ ಮೇಲಿಂದ ಕೈಯಿಂದ ಕೈಗೆ ಹೋಗಬೇಕು, ಕೈ ಖಾಲಿಯಾದವಳು ಹಿಂದೆಯೇ ತೂರಿಕೊಂಡು ಹೋಗಬೇಕು. ಇದು ನಮ್ಮ ರೈಲಿನ ಪದ್ಧತಿ.

ಬ್ಯಾಗು ಸಲೀಸಾಗಿ ಹೋಯಿತು. ಬಾಗಿಲಲ್ಲಿದ್ದ ಯಾರೋ ಪುಣ್ಯಾತ್ಗಿತ್ತಿ ಅದನ್ನು ಪ್ಲಾಟ್‌ಫಾರ್ಮಿನ ಮೇಲೆ ಜೋಪಾನವಾಗಿ ಇಟ್ಟೂಬಿಟ್ಟಳು. ಅಷ್ಟರಲ್ಲಿ ಹತ್ತುವವರು ನುಗ್ಗಿದರು. ಎರಡು ಹೆಜ್ಜೆ ಮುಂದೆ ಹೋಗಿದ್ದವಳು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಮತ್ತೆ ಅದೇ ಸೀಟಿನ ಮೇಲೆ ಬಿದ್ದೆ. ರೈಲು ಹೊರಟಿತು. ಕಿಟಕಿಯಾಚೆ ನನ್ನ ಬ್ಯಾಗು ಒಂಟಿಯಾಗಿ ಕೂತಿತ್ತು. ಯಾರೋ ಕಿಸಕ್ಕನೆ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

"ಚೈನ್ ಎಳೀರೇ!" ಎಂದು ಟೀಚರಮ್ಮ ಅರಚಿದಳು. ಚೈನು ಎಟುಕುವಲ್ಲಿ ನಿಂತವರಿಗೆಲ್ಲ ಕೆಲಸಕ್ಕೆ ಹೊತ್ತಾಗಿತ್ತು. ಅಲ್ಲಿಂದ ಮುಂದೆ ಕೊನೆಯವರೆಗೂ ನಮ್ಮ ಗಾಡಿ ಎಲ್ಲೂ ನಿಲ್ಲುವುದಿಲ್ಲ. ನನಗೆ ಅಳು ಉಕ್ಕಿ ಬಂತು. ಬ್ಯಾಂಕಿನಕ್ಕನನ್ನು ಬೈಯೋಣವೆಂದರೆ ಅವಳಾಗಲೇ ಅಳುತ್ತಿದ್ದಳು.

ನನ್ನ ಫೋನು ಬ್ಯಾಗಿನಲ್ಲೇ ಇತ್ತು. ಟೀಚರಮ್ಮನ ಫೋನಿನಿಂದ ತಮ್ಮನಿಗೆ ಮಾಡಿದೆ.

"ಎಲ್ಲಿದ್ದೀಯಕ್ಕ? ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು."

"ಅಮ್ಮ ಕೇಳಿದ್ಲಾ?"

"ಬಂದ್ಲಾ, ಬಂದ್ಲಾ ಅಂತ ಒಂದೇ ಸಮ ಕೇಳ್ತಿದ್ಲು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಬಂದಿದಾಳಮ್ಮ, ಹೊರಗೆ ನಿಂತಿದಾಳೆ, ಒಳಗೆ ಬಿಡ್ತಿಲ್ಲ ಅಂದ್ಬಿಟ್ಟೆ."

"ಏನಂದ್ಲು?"



"ಯಾಕೋ ನಿಲ್ಲಿಸಿದೀಯ, ದಿನಾ ನಿಂತು ನಿಂತು ಅವಳ ಕಾಲು ಬಿದ್ದೋಗಿದೆ, ಎಲ್ಲಾದ್ರೂ ಕೂರ್ಸು ಹೋಗು ಅಂದ್ಲು."

ಫೋನು ಹಿಂದಿರುಗಿಸಿದೆ. ಕೂತಿರಲು ಆಗಲಿಲ್ಲ, ಎದ್ದು ನಿಲ್ಲಬೇಕೆನಿಸಿತು. ನಿಲ್ಲುವುದಕ್ಕೂ ಜಾಗವಿರಲಿಲ್ಲ.