ಓಯ್ಗೆನ್‌ನ ಎಂಜಿನ್ನು

ಗಂಡ ಓಯ್ಗೆನ್‌ನ ಶವಪೆಟ್ಟಿಗೆಯ ಮೇಲೆ ಮಣ್ಣು ಹಾಕಲು ಬಗ್ಗಿದ್ದ ಲೋರೆ, ಸಾಲಿನ ಕೊನೆಯಲ್ಲಿ ನಿಂತವಳನ್ನು ಕಂಡದ್ದೇ ಸಲಿಕೆಯನ್ನು ಅಲ್ಲೇ ತಡೆದಳು. ವಾಲ್ಬುರ್ಗಾ. ಕಣಿವೆಯ ಊರಿನ ಸೂಲಗಿತ್ತಿ. ಬೆನ್ನು ಬಾಗಿದೆ, ಕೂದಲು ಪೂರ್ತಿ ಬೆಳ್ಳಗಾಗಿದೆ. ಆದರೂ ಆ ಅಗಲವಾದ ಭುಜಗಳನ್ನು ಲೋರೆ ಎಲ್ಲಿದ್ದರೂ ಗುರುತಿಸುತ್ತಿದ್ದಳು. ಐವತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

"ಅತ್ತೆ, ಮಣ್ಣು," ಎಂದು ಪಕ್ಕದಲ್ಲಿದ್ದ ಗೆರ್ನೋಟ್ ಪಿಸುಗುಟ್ಟಿದ. ಓಯ್ಗೆನ್‌ನ ತಂಗಿಯ ಮಗ ಅವನು. ಮಕ್ಕಳಿಲ್ಲದ ಮನೆಯಲ್ಲಿ ಮಗನ ಹಾಗೆ ಓಡಾಡಿಕೊಂಡಿದ್ದವನು.

ಲೋರೆ ಮಣ್ಣು ಸುರಿದು ಪಕ್ಕಕ್ಕೆ ಸರಿದು ನಿಂತಳು. ಊರಿನವರು ಒಬ್ಬೊಬ್ಬರಾಗಿ ಬಂದು ಕೈಹಿಡಿದು, ನಾಲ್ಕು ಮಾತಾಡಿ ಮುಂದೆ ಹೋದರು. ಕೊನೆಗೆ ವಾಲ್ಬುರ್ಗಾ ಎದುರು ನಿಂತು, "ಲೋರೆ," ಎಂದು ಕೈ ಚಾಚಿದಳು.

ಲೋರೆ ತನ್ನ ಕೈಯನ್ನು ಕೋಟಿನ ಜೇಬಿಗೆ ಇಳಿಸಿದಳು.

ಪಾದ್ರಿ ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಂಡರು. ಚಾಚಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದು, ಆಮೇಲೆ ಕೆಳಗಿಳಿಯಿತು. ವಾಲ್ಬುರ್ಗಾ ಗೇಟಿನ ಕಡೆ ನಡೆದಳು.

ಮನೆಗೆ ಹೋಗುವ ದಾರಿಯಲ್ಲಿ ಗೆರ್ನೋಟ್ ಆ ವಿಷಯ ಎತ್ತಲಿಲ್ಲ. ಮ್ಯೂನಿಕ್‌ನಿಂದ ಸೈಡ್ಲರ್ ಅನ್ನುವವರು ಬಂದಿದ್ದಾರೆ, ಹಳೇ ಕಾರು ಕೂಡಿಡುವವರು, ಮಾವನ ಕಾರನ್ನು ಒಂದು ಸಲ ನೋಡಿಕೊಂಡು ಹೋಗುತ್ತಾರಂತೆ ಎಂದ. ಮಣ್ಣು ಮಾಡಿದ ದಿನವೇ ಕರೆಸಬೇಕಿತ್ತಾ ಎಂದು ಅವಳು ಕೇಳಿದ್ದಕ್ಕೆ, ಅವರಿಗೆ ಬೇರೆ ದಿನ ಪುರುಸೊತ್ತಿಲ್ಲವಂತೆ ಎಂದು ಮುಖ ಆ ಕಡೆ ತಿರುಗಿಸಿದ. ಕಾರು ಮಾರಲು ಒಪ್ಪಿದವಳು ಲೋರೆಯೇ. ಅದು ಕೊಟ್ಟಿಗೆ ಬಿಟ್ಟು ತೊಲಗಿದರೆ ಸಾಕು ಎನ್ನುವುದೊಂದೇ ಅವಳ ಆಸೆಯಾಗಿತ್ತು.

*

ಓಯ್ಗೆನ್ ಕಣಿವೆಯ ಹೆಣಿಗೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ಪೋರ್ಷೆ ಕೊಳ್ಳುವ ಶಕ್ತಿ ಅಂಥವನಿಗೆ ಎಲ್ಲಿಂದ ಬರಬೇಕು? ಯಾರೋ ಮರಕ್ಕೆ ಗುದ್ದಿ ನುಜ್ಜುಗುಜ್ಜು ಮಾಡಿದ್ದನ್ನು ಗುಜರಿ ಬೆಲೆಗೆ ತಂದು, ರಜೆಯಲ್ಲೆಲ್ಲ ಕೊಟ್ಟಿಗೆಯಲ್ಲಿ ಕೂತು, ತಗಡು ಬಡಿದು ಬಡಿದು ಅದಕ್ಕೆ ಜೀವ ತಂದಿದ್ದ. ಬೂದು ಬಣ್ಣದ, ಬೆನ್ನು ಗುಂಡಗಿನ ಪುಟ್ಟ ಕಾರು. ಎಂಜಿನ್ನು ಹಿಂದುಗಡೆ, ಅದನ್ನು ತಣ್ಣಗಿಡಲು ನೀರಿಲ್ಲ, ಬರೀ ಗಾಳಿ. ಗುಡ್ಡದ ಮೇಲಿನ ಚಳಿಗೆ ಇದೇ ಸರಿ ಎಂದು ಅವನ ವಾದ. "ನೀರಾದ್ರೆ ಹೆಪ್ಪುಗಟ್ಟತ್ತೆ, ಇಲ್ಲ ಕುದಿಯತ್ತೆ. ಗಾಳಿಗೆ ಎರಡೂ ಇಲ್ಲ ನೋಡು," ಎನ್ನುತ್ತಿದ್ದ. ಹೊಸದಾಗಿ ಮದುವೆಯಾದ ಬೇಸಿಗೆಯಲ್ಲಿ ಅವಳನ್ನು ಕೂರಿಸಿಕೊಂಡು ಘಾಟಿ ಹತ್ತಿಸಿದರೆ, ಬೆನ್ನ ಹಿಂದಿನ ಆ ಒಣ ಗರಗರ ಸದ್ದು ಅವಳ ಸೊಂಟದವರೆಗೂ ಇಳಿಯುತ್ತಿತ್ತು.

ಮುಂದಿನ ವರ್ಷದ ನವೆಂಬರಿನ ಒಂದು ಮಧ್ಯಾಹ್ನ ಅವಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಓಯ್ಗೆನ್ ಕಾರ್ಖಾನೆಯಲ್ಲಿದ್ದ, ಕಾರೂ ಅಲ್ಲೇ ಗೇಟಿನ ಬಳಿ ನಿಂತಿತ್ತು. ಪಕ್ಕದ ಮನೆಯವರು ವಾಲ್ಬುರ್ಗಾಳಿಗೆ ಫೋನು ಮಾಡಿದರು. ಕಾರ್ಖಾನೆಗೆ ಹೇಳಬೇಕೆಂದು ಆ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ವಾಲ್ಬುರ್ಗಾಳದು ಗಂಡನ ಬೇಕರಿಯ ಹಳೇ ಫೋಕ್ಸ್‌ವ್ಯಾಗನ್ ವ್ಯಾನು, ಏರು ಕಂಡರೆ ಏದುಸಿರು ಬಿಡುವಂಥದು. ಲೋರೆ ಹಾಸಿಗೆಯಲ್ಲಿ ಮಲಗಿಕೊಂಡೇ ಅದರ ಸದ್ದು ಕೇಳಿದಳು. ಘಾಟಿಯ ಬುಡದಲ್ಲಿ ಕೇಳಿತು, ಮೊದಲ ತಿರುವಿನಲ್ಲಿ ಕೇಳಿತು, ಆಮೇಲೆ ಅಲ್ಲೇ ಎಲ್ಲೋ ತೆವಳುತ್ತ ತೆವಳುತ್ತ ಉಳಿಯಿತು. ಅದು ಅಂಗಳಕ್ಕೆ ಬರುವಷ್ಟರಲ್ಲಿ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದ್ದ ಹೆಣ್ಣುಮಗು ನೀಲಿಯಾಗಿತ್ತು.

"ನೀನು ಮೆಲ್ಲಗೆ ಬಂದೆ," ಎಂದು ಲೋರೆ ಅಂದು ಹೇಳಿದ್ದೇ ಅವರಿಬ್ಬರ ನಡುವಿನ ಕೊನೆಯ ಮಾತು.

ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಓಯ್ಗೆನ್‌ನ ಕಾರನ್ನೂ ಅವಳು ಮತ್ತೆ ಹತ್ತಲಿಲ್ಲ. ಎಂಜಿನ್ನು ಮಾರಿ ಬೇರೆ ಸಣ್ಣದೊಂದು ಹಾಕಿದ್ದೇನೆ ಎಂದು ಓಯ್ಗೆನ್ ಒಂದು ದಿನ ಹೇಳಿದಾಗ, ಯಾರಿಗೆ, ಯಾಕೆ ಎಂದೂ ಕೇಳಲಿಲ್ಲ. ಅಂದಿನಿಂದ ಘಾಟಿಯಲ್ಲಿ ಟ್ರ್ಯಾಕ್ಟರುಗಳು ಅವನನ್ನು ಹಿಂದೆ ಹಾಕುತ್ತಿದ್ದವು. "ಓಯ್ಗೆನ್, ಇಳಿದು ತಳ್ಳಲೇನಯ್ಯಾ?" ಎಂದು ಊರವರು ರೇಗಿಸಿದರೆ ಅವನು ನಕ್ಕು ಟೋಪಿ ಎತ್ತುತ್ತಿದ್ದ. ಪೆಟ್ರೋಲು ಉಳಿಸುವ ಜಿಪುಣ ಎಂದು ಊರು ತೀರ್ಮಾನಿಸಿತು. ಬಿಗಿಮುಷ್ಟಿಗೇ ಹೆಸರಾದ ಆ ಶ್ವಾಬಿಯಾ ಸೀಮೆಯಲ್ಲಿ ಅದು ಅಂಥ ಬೈಗುಳವೇನಲ್ಲ.

*

ಮನೆಯೊಳಗೆ ಹೆಂಗಸರು ಜಡೆಯಂತೆ ಹೆಣೆದ ಸಿಹಿ ಬ್ರೆಡ್ಡು ಕತ್ತರಿಸಿ ಕಾಫಿ ಹಂಚುತ್ತಿದ್ದರು. ಲೋರೆ ಕೊಟ್ಟಿಗೆಯ ಬೀಗ ತೆಗೆದುಕೊಟ್ಟು ಬಾಗಿಲಲ್ಲೇ ನಿಂತಳು.

ಸೈಡ್ಲರ್ ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಕಾರಿನ ಬೆನ್ನ ಮೇಲೆ ಅಂಗೈ ಸವರಿದ ರೀತಿ ನೋಡಿ, ಇವನಿಗೆ ನಿಜವಾಗಿಯೂ ಪ್ರೀತಿ ಇದೆ ಎಂದುಕೊಂಡಳು. ಇಂಥ ಕಾರು ಇನ್ನು ಯಾರೂ ಮಾಡುವುದಿಲ್ಲ, ಈಗಿನವು ಸದ್ದನ್ನು ಮುಚ್ಚಿಟ್ಟುಕೊಳ್ಳುತ್ತವೆ, ಇದು ತನ್ನ ಉಸಿರನ್ನೂ ಕೇಳಿಸುತ್ತದೆ ಎಂದು ಅವನು ಹೇಳುತ್ತಾ ಹೋದ. ಅದಕ್ಕೇ ಜಪಾನಿನಿಂದ, ಅಮೆರಿಕದಿಂದ ಜನ ಹುಡುಕಿಕೊಂಡು ಬರುತ್ತಾರಂತೆ. ಆದರೆ ಒಂದು ಮಾತು: ಕಾರು ತಯಾರಾಗುವಾಗ ಯಾವ ಮೈಗೆ ಯಾವ ಎಂಜಿನ್ನು ಕೂರಿಸಿದ್ದರೋ ಅದೇ ಇರಬೇಕು. ಇಲ್ಲದಿದ್ದರೆ ಸಂಗ್ರಹದಲ್ಲಿ ಅದಕ್ಕೆ ಜಾಗವಿಲ್ಲ.

ಅವನು ಹಿಂದಿನ ಮುಚ್ಚಳ ಎತ್ತಿದ. ಎತ್ತಿದವನು ಹಾಗೇ ನಿಂತ.

"ಇದು ವ್ಯಾನಿನ ಎಂಜಿನ್ನು," ಎಂದ.

ಗೆರ್ನೋಟ್‌ನ ಮುಖ ಕೆಂಪಾಯಿತು. "ಅತ್ತೆ, ನಿಮಗೆ ಗೊತ್ತಿತ್ತಾ? ಅಷ್ಟು ದೂರದಿಂದ ಕರೆಸಿದೀನಿ, ಒಂದು ಮಾತು ಹೇಳಬಾರದಿತ್ತಾ?"

"ಮಾರಿದೆ ಅಂದಿದ್ದರು."

"ಯಾರಿಗೆ?"

"ನಾನು ಕೇಳಲಿಲ್ಲ."

"ನನಗೆ," ಎಂದಿತು ಹಿಂದಿನಿಂದ ಒಂದು ದನಿ. ವಾಲ್ಬುರ್ಗಾ ಅಂಗಳದಲ್ಲಿ ನಿಂತಿದ್ದಳು. "ಮಾರಲಿಲ್ಲ. ಕೊಟ್ಟ. ಇವತ್ತಿಗೂ ನನ್ನ ವ್ಯಾನಲ್ಲೇ ಇದೆ."

ಲೋರೆ ಬಾಗಿಲ ಚೌಕಟ್ಟು ಹಿಡಿದು ಅವಳ ಕಡೆ ತಿರುಗಿದಳು. ವಾಲ್ಬುರ್ಗಾ ಅದನ್ನೇ ಅಪ್ಪಣೆ ಎಂದುಕೊಂಡವಳಂತೆ ಹೇಳತೊಡಗಿದಳು. ಮಗುವನ್ನು ಮಣ್ಣು ಮಾಡಿದ ವಾರವೇ ಓಯ್ಗೆನ್ ಬೇಕರಿಯ ಶೆಡ್ಡಿಗೆ ಬಂದನಂತೆ. ಎರಡೂ ಒಂದೇ ವಂಶದ ಎಂಜಿನ್ನು, ಅದಲು ಬದಲು ಮಾಡಿದರೆ ಸರಿಯಾಗಿ ಕೂರುತ್ತವೆ, ನೀನು ದೀಪ ಹಿಡಿದುಕೋ ಸಾಕು ಅಂದನಂತೆ. ಕೆಲಸ ಮಾಡುವಾಗ ಒಂದೇ ಸಲ ಬಾಯಿಬಿಟ್ಟನಂತೆ: ಆ ಮಧ್ಯಾಹ್ನ ನೀನು ಏರು ಹತ್ತುವಾಗ, ನಿನಗೆ ಬೇಕಾಗಿದ್ದ ಎಂಜಿನ್ನು ಕಾರ್ಖಾನೆ ಗೇಟಲ್ಲಿ ಸುಮ್ಮನೆ ನಿಂತಿತ್ತು.

"ನನಗ್ಯಾಕೆ ಹೇಳಲಿಲ್ಲ?" ಲೋರೆ ಅಂಗಳಕ್ಕೆ ಇಳಿದಳು. "ಹೋಗಲಿ, ನೀನಾದ್ರೂ ಹೇಳಬಹುದಿತ್ತಲ್ಲ."

"ಹೇಳಬಾರದು ಅಂತ ಮಾತು ತಗೊಂಡಿದ್ದ," ಎಂದಳು ವಾಲ್ಬುರ್ಗಾ. "'ಲೋರೆಗೆ ಸಿಟ್ಟು ಮಾಡ್ಕೊಳ್ಳೋಕೆ ಒಬ್ಬರು ಬೇಕು ವಾಲ್ಬುರ್ಗಾ, ಅದು ನಾನಾಗಿಬಿಟ್ಟರೆ ಅವಳು ನನ್ನ ಜೊತೆ ಒಂದೇ ಮನೇಲಿ ಹೇಗಿರ್ತಾಳೆ?' ಅಂದ. ಆಯ್ತು, ಅದು ನಾನೇ ಆಗ್ತೀನಿ ಅಂದೆ."

"ಐವತ್ತು ವರ್ಷ?"

"ಇಷ್ಟು ದಿನ ಆಗತ್ತೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ ಕಣೆ."

ಲೋರೆಗೆ ಸಿಟ್ಟು ಉಕ್ಕಿತು. ಯಾರ ಮೇಲೆ? ಎದುರಿಗಿದ್ದವಳ ಮೇಲಲ್ಲ. ಬೆಳಿಗ್ಗೆ ತಾನೇ ಟೈ ಕಟ್ಟಿ ಪೆಟ್ಟಿಗೆಯಲ್ಲಿ ಮಲಗಿಸಿ ಬಂದವನ ಮೇಲೆ. ಸಂತೆಯಲ್ಲಿ ವಾಲ್ಬುರ್ಗಾಳನ್ನು ಕಂಡು ತಪ್ಪಿಸಿಕೊಳ್ಳಲು ತಾನು ರಸ್ತೆ ದಾಟುತ್ತಿದ್ದಾಗೆಲ್ಲ, ಅವನು ಪಕ್ಕದಲ್ಲೇ ಚೀಲ ಹಿಡಿದುಕೊಂಡು, ಮಾತಿಲ್ಲದೆ ತನ್ನ ಜೊತೆ ದಾಟುತ್ತಿದ್ದ. ಎಲ್ಲ ತಿಳಿದೂ ದಾಟುತ್ತಿದ್ದ.

ಸೈಡ್ಲರ್‌ನ ಮುಖ ಮಾತ್ರ ಬೆಳಗಿತ್ತು. ಹಾಗಾದರೆ ಕಾರೂ ಅದರ ಎಂಜಿನ್ನೂ ಎರಡೂ ಉಳಿದಿವೆ, ಮತ್ತೆ ಒಂದು ಮಾಡಬಹುದು ಎಂದ. ವ್ಯಾನಿಗೆ ಬೇರೆ ಎಂಜಿನ್ನು ತಾನೇ ಹಾಕಿಸಿಕೊಡುತ್ತೇನೆ, ಈಗ ಹೇಳಬೇಕಾದ ಬೆಲೆಯೇ ಬೇರೆ ಎಂದ.

"ತೆಗೆಸಿಬಿಡೋಣ," ಎಂದ ಗೆರ್ನೋಟ್. "ಮಾವನದ್ದೇ ತಾನೇ ಅದು? ಇವರಿಗೆ ಈ ವಯಸ್ಸಲ್ಲಿ ಆ ವ್ಯಾನು ಯಾತಕ್ಕೆ?"

ವಾಲ್ಬುರ್ಗಾ ಅವನ ಕಡೆ ತಿರುಗಿದಳು. "ನಿನ್ನಮ್ಮ ಹೇಳಿರಲಿಕ್ಕಿಲ್ಲ ಗೆರ್ನೋಟ್. ನೀನು ಹುಟ್ಟಿದ್ದು ಫೆಬ್ರವರಿ, ಘಾಟಿ ತುಂಬ ಹಿಮ. ಕಾಲು ಮುಂದಾಗಿ ಬಂದವನು ನೀನು. ಆ ಏರನ್ನ ನಾನು ಯಾವುದರಲ್ಲಿ ಹತ್ತಿದೆ ಅಂದ್ಕೊಂಡಿದೀಯ?" ಆಮೇಲೆ ಲೋರೆಗೆ ಹೇಳಿದಳು: "ತೆಗೆಸ್ತೀನಿ ಅಂದ್ರೆ ತೆಗೆಸು. ನಾನು ಬೇಡ ಅನ್ನಲ್ಲ. ನಿಂದೇ ಅದು."

ಗೆರ್ನೋಟ್ ತೆರೆದಿದ್ದ ಮುಚ್ಚಳದೊಳಗೆ ನೋಡುತ್ತ ನಿಂತ. ಸ್ವಲ್ಪ ಹೊತ್ತಾದ ಮೇಲೆ ತಾನೇ ಅದನ್ನು ಮೆಲ್ಲಗೆ ಮುಚ್ಚಿದ.

"ನೀವು ಕಾಫಿ ಕುಡಿದು ಹೊರಡಿ," ಎಂದು ಲೋರೆ ಸೈಡ್ಲರ್‌ಗೆ ಹೇಳಿದಳು. "ಇಲ್ಲಿ ಮಾರೋದು ಏನೂ ಇಲ್ಲ."

ಅವನು ಏನೋ ಹೇಳಹೊರಟ. ಗೆರ್ನೋಟ್ ಅವನ ತೋಳು ಹಿಡಿದು ಮನೆಯ ಕಡೆ ಕರೆದುಕೊಂಡು ಹೋದ.

ಅಂಗಳದಲ್ಲಿ ಇಬ್ಬರು ಮುದುಕಿಯರು ಉಳಿದರು. ಗೇಟಿನಾಚೆ ನಿಂತಿದ್ದ ವ್ಯಾನಿನ ಬಣ್ಣ ಅಲ್ಲಲ್ಲಿ ಎದ್ದಿತ್ತು. ಬಾಗಿಲ ಮೇಲೆ ಬೇಕರಿಯ ಹೆಸರಿನ ಎರಡು ಅಕ್ಷರ ಇನ್ನೂ ಅಳಿಸಿರಲಿಲ್ಲ.

"ಘಾಟಿ ಹತ್ತತ್ತಾ ಇನ್ನೂ?" ಎಂದು ಲೋರೆ ಕೇಳಿದಳು.

"ಈಗಷ್ಟೇ ಹತ್ತಿ ಬಂದಿದೆ."

"ನಾನು ನೋಡಲಿಲ್ಲವಲ್ಲ."

ಕಪ್ಪು ಬಟ್ಟೆಯಲ್ಲೇ ಲೋರೆ ವ್ಯಾನು ಹತ್ತಿ ಕೂತಳು. ವ್ಯಾನು ಕಣಿವೆಗೆ ಇಳಿದು, ಮುಚ್ಚಿ ಎಷ್ಟೋ ವರ್ಷವಾದ ಕಾರ್ಖಾನೆಯ ಗೇಟಿನ ಮುಂದೆ ತಿರುಗಿ, ಏರಿಗೆ ಮುಖ ಮಾಡಿತು. ಬೆನ್ನ ಹಿಂದೆ ಆ ಒಣ ಗರಗರ ಸದ್ದು ಎದ್ದಿತು. ಮೊದಲ ತಿರುವು ಬಂತು, ಹೋಯಿತು. ರಸ್ತೆ ಬದಿಯ ಮರಗಳು ಸರಸರನೆ ಹಿಂದಕ್ಕೆ ಸರಿದವು. ಕಡಿದಾದ ಎರಡನೆಯ ತಿರುವಿನಲ್ಲಿ ವಾಲ್ಬುರ್ಗಾ ಗೇರು ಬದಲಿಸಿ ಪಕ್ಕಕ್ಕೆ ನೋಡಿದಳು. ಲೋರೆ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಹೊಟ್ಟೆಯನ್ನು ಹಿಡಿದುಕೊಂಡು ಕೂತಿದ್ದಳು. ಅವಳ ಬಲಗಾಲಿನ ಕಪ್ಪು ಬೂಟು, ಆಕ್ಸಿಲರೇಟರೇ ಇಲ್ಲದ ಬರೀ ನೆಲವನ್ನು ಇದ್ದ ಬಲವನ್ನೆಲ್ಲ ಹಾಕಿ ಒತ್ತುತ್ತಿತ್ತು.