ಮನೆಯವರು ಮಾಡಿದ್ದು

ಅಂಗಡಿಗೆ ಬಂದವರು ಅವನನ್ನು ಈಗಲೂ 'ಅಳಿಯ' ಅಂತಲೇ ಕರೆಯುತ್ತಿದ್ದರು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಅಳಿಯನ ತಲೆಯೂ ಅರ್ಧ ಬೆಳ್ಳಗಾಗಿತ್ತು, ಆದರೂ ಬಡ್ತಿ ಮಾತ್ರ ಸಿಕ್ಕಿರಲಿಲ್ಲ. ತಂತಿವಾದ್ಯ ರಿಪೇರಿಯ ಆ ಅಂಗಡಿ ಮಾವನದು, ಮಹಡಿಯ ಮೇಲಿನ ಮನೆ ಮಾವನದು, ಉಳಿ, ಗರಗಸ, ಅಂಟು ಕಾಯಿಸುವ ಪಾತ್ರೆ ಎಲ್ಲವೂ ಮಾವನವೇ. ಅವನದು ಅಂತ ಇದ್ದದ್ದು ಒಂದು ಕನ್ನಡಕ. ಅದರ ಚೀಲವನ್ನೂ ಅತ್ತೆ ಹೊಲಿದು ಕೊಟ್ಟಿದ್ದರು.

ಆ ಬೆಳಿಗ್ಗೆ ಸಂಗ್ರಹಾಲಯದ ಮೇಡಂ ಒಂದು ಮ್ಯಾಂಡೊಲಿನ್ ತಂದು ಅವನ ಮೇಜಿನ ಮೇಲಿಟ್ಟರು. ಅವನಿಗೆ ಗುರುತು ಸಿಗಲು ಎರಡನೇ ಸಲ ನೋಡಬೇಕಾಗಲಿಲ್ಲ. ಅದು ತಂತಿ ಮಾಸ್ತರರ ವಾದ್ಯ. ಊರೆಲ್ಲ ಹಾಗೆ ಕರೆಯುತ್ತಿದ್ದ ಆ ಮುದುಕ ವಾದಕರು ಬೆರಳು ಬಗ್ಗುವುದಿಲ್ಲವೆಂದು ಅದನ್ನು ಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟಿದ್ದರು.

"ಕಾರ್ಡಿನ ಮೇಲೆ ಮಾಡಿದವರ ಹೆಸರು ಬರೀಬೇಕು," ಅಂದರು ಮೇಡಂ. "ನಿಮ್ಮ ಅಂಗಡೀದೇ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ನಿಮ್ಮ ಮಾವನ ಮುದ್ರೆ ಇಲ್ವಲ್ಲ?"

ಅಳಿಯನಿಗೂ ಇದು ಬಗೆಹರಿಯದ ವಿಷಯ. ಮಾವ ಎಂಥ ಆಸಾಮಿ ಅಂದರೆ, ಮುರಿದ ಸ್ಟೂಲಿಗೆ ಕಾಲು ಕೂರಿಸಿದರೂ ಅಡಿಯಲ್ಲಿ ಕಾದ ಕಬ್ಬಿಣದ ಮುದ್ರೆ ಒತ್ತದೆ ಬಿಡುತ್ತಿರಲಿಲ್ಲ. ಹೊಗಳಿಕೆ ಕಂಡರೆ ಕುರ್ಚಿ ಹತ್ತಿರ ಎಳೆದುಕೊಂಡು ಕೂರುವ ಜೀವ. ಆದರೆ ಯಾರಾದರೂ ಈ ಮ್ಯಾಂಡೊಲಿನ್ನಿನ ಮಾತೆತ್ತಿದರೆ ಸಾಕು, ನೀರು ಕುಡಿದು ಬರುತ್ತೇನೆಂದು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅಂಗಡಿಯಿಂದ ಹೊರಬಿದ್ದ ವಾದ್ಯಗಳಲ್ಲೆಲ್ಲ ಒಳ್ಳೆಯದು ಇದೇ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಎರಡು ದಿನ ಇಟ್ಟುಕೊಳ್ಳುತ್ತೇನೆಂದು ಹೇಳಿ ಮೇಡಂ ಅವರನ್ನು ಕಳಿಸಿದ. ತಂತಿಗಳ ಕೆಳಗಿನ ತೂತಿನಿಂದ ಸಣ್ಣ ಬಲ್ಬು ಇಳಿಸಿ, ಹಲ್ಲಿನ ಡಾಕ್ಟರು ಇಟ್ಟುಕೊಳ್ಳುವಂಥ ಕನ್ನಡಿ ತೂರಿಸಿ ನೋಡಿದ. ಮ್ಯಾಂಡೊಲಿನ್ನಿನ ದುಂಡು ಹೊಟ್ಟೆ ಅಂದರೆ ಬಗ್ಗಿಸಿದ ತೆಳು ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿದ್ದು. ಒಳಗಿನ ಸಂದುಗಳು ಬಿಡದ ಹಾಗೆ ಮಾವ ಯಾವಾಗಲೂ ಕಾಗದ ಅಂಟಿಸುತ್ತಿದ್ದರು. ಇಲ್ಲಿದ್ದದ್ದು ಬಟ್ಟೆ. ನೀಲಿ ಹೂವಿನ ಹಳೆಯ ದಿಂಬಿನ ಚೀಲ. ಅದೂ ಓರೆಯಾಗಿ ಕತ್ತರಿಸಿದ ಪಟ್ಟಿಗಳು, ಒಂದು ಸುಕ್ಕಿಲ್ಲದೆ ಹೊಟ್ಟೆಯ ತಿರುವಿಗೆ ಕೂತಿದ್ದವು. "ಬಟ್ಟೇನ ಓರೆಯಾಗಿ ಕತ್ತರಿಸಿದ್ರೆ ಹೇಳಿದ ಮಾತು ಕೇಳುತ್ತೆ" ಎಂದು ಮಹಡಿಯ ಮೇಲೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಹೊಲಿಗೆ ಕಲಿಯಲು ಬಂದವರಿಗೆ ಅತ್ತೆ ಹೇಳಿಕೊಡುತ್ತಿದ್ದುದನ್ನು ಅವನು ನೂರು ಸಲ ಕೇಳಿದ್ದ.

ಪಟ್ಟಿಗಳ ತುದಿಯಲ್ಲಿ ಗಟ್ಟಿಯಾದ ಅಂಟಿನ ಮೇಲೆ ಸಣ್ಣ ಸಣ್ಣ ಗುಳಿಗಳ ಗುಂಪಿತ್ತು. ಅದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಂಗುಸ್ತಾನದ ಗುರುತು. ಸೂಜಿ ಚುಚ್ಚದಿರಲೆಂದು ಹೊಲಿಯುವವರು ಬೆರಳಿಗೆ ತೊಡುವ ಆ ಲೋಹದ ಟೋಪಿಯಿಂದಲೇ ಯಾರೋ ಒತ್ತಿ ಒತ್ತಿ ಅಂಟಿಸಿದ್ದರು. ವಾದ್ಯದ ಕತ್ತು ಕೂರುವ ಮರದ ಬುಡದಲ್ಲೂ, ಮುಖದ ಹಲಗೆಯ ಒಳಮೈಯಲ್ಲೂ ಅದೇ ಗುರುತು. ಕನ್ನಡಿ ಹಿಡಿದ ಕೈ ಜೋಮು ಹಿಡಿಯುವ ತನಕ ನೋಡಿದ.

ಅತ್ತೆಗೆ ಕಣ್ಣು ಮಂಜಾದ ಮೇಲೆ ದಿನವೂ ಸೂಜಿಗೆ ನೂಲು ಪೋಣಿಸಿಕೊಡುವುದು ಅಳಿಯನ ಕೆಲಸ. ಅವತ್ತು ಪೋಣಿಸುತ್ತಲೇ ಮಾತು ತೆಗೆದ.

"ಅತ್ತೆ, ತಂತಿ ಮಾಸ್ತರರ ಮ್ಯಾಂಡೊಲಿನ್ ಬಂದಿದೆ."

ಮೆಷಿನ್ನಿನ ಚಕ್ರದ ಮೇಲಿದ್ದ ಕೈ ನಿಂತಿತು. "ಹೊಟ್ಟೆ ಬಿರುಕು ಬಿಟ್ಟಿದ್ಯಾ?"

"ಕೂದಲೆಳೆಯಷ್ಟೂ ಇಲ್ಲ."

ಅತ್ತೆಯ ಮುಖ ಒಂದು ಗಳಿಗೆ ಹಗುರಾದದ್ದು ಅವನಿಗೆ ಕಂಡಿತು.

"ಯಾರು ಮಾಡಿದ್ದು ಅತ್ತೆ?"

"ಇನ್ಯಾರು ಮಾಡ್ತಾರೆ? ನಿಮ್ಮ ಮಾವನವರೇ."

"ಒಳಗೆ ದಿಂಬಿನ ಚೀಲ ಇದೆ."

"ಬಟ್ಟೆ ನಾನೇ ಕತ್ತರಿಸಿ ಕೊಟ್ಟಿದ್ದು."

"ಅಂಗುಸ್ತಾನದ ಗುರುತೂ ಇದೆ. ಕತ್ತಿನ ಬುಡದಲ್ಲಿ ಕೂಡ."

ಅತ್ತೆ ಬಲಗೈ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡರು. "ಆ ವರ್ಷ ಜ್ವರ ಬಿಟ್ಟ ಮೇಲೆ ಅವರ ಕೈ ನಡುಗೋಕೆ ಶುರುವಾಯ್ತು. ಮಾಸ್ತರರಿಗೆ ಮ್ಯಾಂಡೊಲಿನ್ ಮಾಡ್ಕೊಡ್ತೀನಿ ಅಂತ ಒಪ್ಕೊಂಡಾಗಿತ್ತು..." ಎಂದವರು ನಾಲಿಗೆ ಕಚ್ಚಿಕೊಂಡರು. "ನೋಡಿ, ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ದಾರೆ. ನಾನು ಕೊಟ್ಟಿದ್ದೀನಿ. 'ಸಾಕು, ಇನ್ನು ಹೇಳು' ಅನ್ನೋಕೆ ಅವರೇ ಬರಬೇಕು. ಅವರೆಲ್ಲಿ ಬರ್ತಾರೆ?"

ಗೋಡೆಯ ಮೇಲಿನ ಫೋಟೋದಲ್ಲಿ ಮಾವ ಮೀಸೆಯ ಅಂಚಿನಲ್ಲೇ ನಗುತ್ತಾ ಕೂತಿದ್ದರು. ಅಳಿಯ ನೂಲಿನ ತುದಿ ಕತ್ತರಿಸಿ ಕೆಳಗಿಳಿದ.

ಮಾರನೆಯ ದಿನ ಮೇಡಂ ಜೊತೆ ತಂತಿ ಮಾಸ್ತರರ ಮನೆಗೆ ಹೋದ. ಮಾಸ್ತರರಿಗೆ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಹೋಗಲು ತಯಾರಾಗಿ ನಿಂತಿತ್ತು. ಮೇಡಂ ಪ್ರಶ್ನೆಯನ್ನು ಮೂರು ಸಲ ಕೂಗಿ ಕೇಳಿದರು.

"ಮುದ್ರೆಯಾ? ನಾನೂ ಕೇಳಿದ್ದೆ," ಅಂದರು ಮಾಸ್ತರರು. "ತಗೊಂಡು ಬರೋಕೆ ಹೋದ ದಿನವೇ ಕೇಳ್ದೆ. ಏನ್ ಸ್ವಾಮಿ, ನಿಮ್ಮ ಮುದ್ರೆ ಒತ್ತೋದು ಮರೆತ್ರಾ ಅಂತ. ಅವರು ತಲೆ ತಗ್ಗಿಸ್ಕೊಂಡು, ಇದು ನಂದಲ್ಲ, ಮನೆಯವರು ಮಾಡಿದ್ದು ಅಂದ್ರು."

"ನೀವೇನು ಅಂದ್ಕೊಂಡ್ರಿ?" ಅಳಿಯ ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದ.

"ಮನೇಲಿ ಅಣ್ಣನೋ ತಮ್ಮನೋ ಇರಬೇಕು ಅಂದ್ಕೊಂಡೆ. ನಾದ ಚೆನ್ನಾಗಿತ್ತು, ತಗೊಂಡು ಬಂದೆ."

ಬೀದಿಗಿಳಿದ ಮೇಲೆ ಅಳಿಯ ಮೇಡಂಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮಾವನಿಗೆ ಅಣ್ಣ ತಮ್ಮ ಯಾರೂ ಇರಲಿಲ್ಲ. ಮಾವನ ಬಾಯಲ್ಲಿ 'ಮನೆಯವರು' ಅಂದರೆ ಹೆಂಡತಿ. ಬದುಕಿದ್ದಷ್ಟು ಕಾಲ ಅತ್ತೆಯನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಬರೆದುಕೊಳ್ಳಿ ಎಂದು ಅತ್ತೆಯ ಹೆಸರು ಹೇಳಿದ. ಅದನ್ನು ತಾನೂ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು ಅಂತ ಆಗ ಅವನಿಗೆ ಹೊಳೆಯಿತು. ಯಾರೋ ಗುರುತಿಲ್ಲದವರ ಹೆಸರು ಕೇಳಿದ ಹಾಗಿತ್ತು.

ಮೇಡಂ ಒಳ್ಳೆಯ ಹೆಂಗಸು. ಕೇಳಿಸಿಕೊಂಡು ತಲೆಯಾಡಿಸಿದರು. "ನಾನು ನಂಬ್ತೀನಿ ಇವ್ರೇ. ನಮ್ಮನೇಲೂ ನನ್ನನ್ನ ಹಾಗೇ ಕರೀತಾರೆ. ಆದ್ರೆ ಮನೆಯವರು ಅಂದ್ರೆ ಮನೇಲಿರೋ ಯಾರು ಬೇಕಾದ್ರೂ ಆಗಬಹುದು ಅಂತ ಮೇಲಿನವರು ಅಂತಾರೆ. ಅಂಗುಸ್ತಾನಾನ ಯಾರು ಬೇಕಾದ್ರೂ ಹಾಕ್ಕೋಬಹುದು ಅಂತಾರೆ. ನಿಮ್ಮ ಅತ್ತೆ ತಾವೇ ಹೌದು ಅಂದ್ಬಿಟ್ರೆ ಹೆಸರು ಹಾಕೋ ಜವಾಬ್ದಾರಿ ನಂದು. ನಾಳೆ ಸಂಜೆ ಅಚ್ಚಿಗೆ ಹೋಗುತ್ತೆ, ಆಮೇಲೆ ನನ್ನ ಕೈಲೂ ಇರಲ್ಲ."

ಅಳಿಯ ದಾರಿಯುದ್ದಕ್ಕೂ ಹಾರಿಕೊಂಡೇ ಬಂದ. ಅವರೇ ಬರಬೇಕು ಅಂದಿದ್ದರಲ್ಲ ಅತ್ತೆ? ಬಂದರಲ್ಲ, ಮಾಸ್ತರರ ಬಾಯಲ್ಲಿ! ಮೆಟ್ಟಿಲು ಹತ್ತುವಾಗ ಹೆಂಡತಿ ಎದುರಾದಳು. ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಅವನಿಗೆ ಯಾವತ್ತೂ ಇರಲಿಲ್ಲ. ಅಲ್ಲೇ ನಿಂತು ಹೇಳಿಬಿಟ್ಟ.

ಹೆಂಡತಿ ಬಾಗಿಲು ಮುಂದಕ್ಕೆಳೆದು ದನಿ ತಗ್ಗಿಸಿದಳು. "ಅಪ್ಪನ ಕೈ ನಡುಗ್ತಿತ್ತು ಅನ್ನೋದನ್ನ ಗಾಜಿನ ಪೆಟ್ಟಿಗೇಲಿ ಇಡಿಸ್ತೀರಾ?"

"ಇಡಿಸೋದು ನಿಮ್ಮಮ್ಮನ ಹೆಸರು ಕಣೇ."

"ಅದನ್ನ ಇಟ್ರೆ ಇದನ್ನೂ ಇಟ್ಟ ಹಾಗೇ. ಇದೊಂದು ಅವರದ್ದಲ್ಲ ಅಂದ್ರೆ ನಾಳೆ ಒಂದೂ ಅವರದ್ದಲ್ಲ ಅಂತಾರೆ ಜನ. ನಿಮಗೆ ಕೆಲಸ ಕಲಿಸಿದ ಕೈ ಅದು." ಅವಳ ಕಣ್ಣು ತುಂಬಿತ್ತು. "ಅಮ್ಮನೇ ಬೇಡ ಅಂದ್ಮೇಲೆ ನಿಮಗೇನು? ಅವಳು ನಿಮ್ಮಮ್ಮನಾ?"

ಮನೆ ಅಳಿಯನ ಬಾಯಿ ಮುಚ್ಚಿಸಲು ಇಷ್ಟು ಸಾಕು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಅಂತ ಹುಡುಕಿದ, ಸಿಗಲಿಲ್ಲ. ಅತ್ತೆ ಹೇಳಿದ್ದರಲ್ಲೂ ಇರಲಿಲ್ಲ, ಮೇಡಂ ಹೇಳಿದ್ದರಲ್ಲೂ ಇರಲಿಲ್ಲ. ಎಲ್ಲರೂ ಸರಿಯಾಗಿದ್ದರು, ಅಡಕತ್ತರಿಗೆ ಸಿಕ್ಕವನು ಅವನೊಬ್ಬನೇ. ಮರುದಿನ ನೂಲು ಪೋಣಿಸಲು ಕೂತಾಗ ಮಾಸ್ತರರು ಹೇಳಿದ್ದು ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿ ಬಾಗಿಲಲ್ಲೇ ಒಗೆದ ಬಟ್ಟೆ ಮಡಿಸುತ್ತಾ ನಿಂತಿದ್ದಳು. ಸಂಜೆ ಮೇಡಂ ಫೋನು ಮಾಡಿದರು. "ಒಪ್ಪಿದ್ರಾ?" ಎಂದು ಕೇಳಿದರು. "ಇಲ್ಲ" ಎಂದ. ಕೇಳಿಯೇ ಇಲ್ಲ ಅನ್ನಲು ಅವನಿಗೆ ಧೈರ್ಯ ಬರಲಿಲ್ಲ.

ಪ್ರದರ್ಶನ ತೆರೆದ ದಿನ ಮೂವರೂ ಹೋದರು. ಜನ ಸಾಕಷ್ಟಿದ್ದರು. ಮೇಡಂ ದೂರದಲ್ಲಿ ದೊಡ್ಡವರ ನಡುವೆ ಸಿಕ್ಕಿಕೊಂಡಿದ್ದರು. ಹೆಂಡತಿ ಯಾರೋ ಗೆಳತಿ ಕಂಡಳೆಂದು ಹಿಂದೆ ಉಳಿದಳು. ಮ್ಯಾಂಡೊಲಿನ್ ಕೋಣೆಯ ಮೂಲೆಯಲ್ಲಿ ಗಾಜಿನೊಳಗೆ ಒರಗಿತ್ತು. ಅತ್ತೆ ಅದನ್ನು ನೋಡಲಿಲ್ಲ, ಮೊದಲು ಕಾರ್ಡಿನ ಹತ್ತಿರ ಬಗ್ಗಿದರು. ಅಕ್ಷರ ಕಾಣದೆ ಅವನ ಕಡೆ ತಿರುಗಿದರು. ಅವನು ಓದಿದ.

"ಮ್ಯಾಂಡೊಲಿನ್. ಗೃಹ ತಯಾರಿಕೆ. ತಯಾರಕರು: ಅಜ್ಞಾತ."

"ಗೃಹ ತಯಾರಿಕೆ ಅಂದ್ರೆ? ಸಾಬೂನಿನ ಮೇಲೆ ಬರೆದಿರ್ತಾರಲ್ಲ, ಹಾಗಾ?" ಅತ್ತೆ ನಕ್ಕರು. "ಯಾರು ಹೇಳಿದ್ರಂತೆ ಇವರಿಗೆ?"

ಅಳಿಯ ಹಿಂದೆ ತಿರುಗಿ ನೋಡಿದ. ಹೆಂಡತಿ ಇನ್ನೂ ಮಾತಾಡುತ್ತಿದ್ದಳು.

"ಮಾವ ಹೇಳಿದ್ದು ಅತ್ತೆ. ಮಾಸ್ತರರಿಗೆ. ಇದು ನಂದಲ್ಲ, ಮನೆಯವರು ಮಾಡಿದ್ದು ಅಂದ್ರಂತೆ. ಅದನ್ನ ಇವರು ಹೀಗೆ ಬರೆದಿದ್ದಾರೆ."

ಅತ್ತೆಯ ಮುಖದ ನಗು ಹಾಗೇ ನಿಂತುಬಿಟ್ಟಿತು, ಹೋಗಲೂ ಇಲ್ಲ. "ಯಾವಾಗ?"

"ಕೊಟ್ಟ ದಿನವೇ."

"ಕೊಟ್ಟ ದಿನವೇ," ಅಂದರು ಅತ್ತೆ. ಮತ್ತೆ ಕಾರ್ಡಿನ ಕಡೆ ಬಗ್ಗಿ, "ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು. ಅದು ಯಾರನ್ನು ಕೇಳಿದ್ದೆಂದು ಅಳಿಯನಿಗೆ ಗೊತ್ತಾಗಲಿಲ್ಲ. ಮಾವನನ್ನೋ, ತನ್ನನ್ನೋ. ತಾನು ನಿನ್ನೆ ಮೊನ್ನೆಯಾದರೂ ಹೇಳಬಹುದಿತ್ತಲ್ಲ ಎಂದುಕೊಂಡ.

ಆಮೇಲೆ ಅತ್ತೆ ವಾದ್ಯದತ್ತ ಕಣ್ಣೆತ್ತಿದರು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ನೂಲು ಕಾಣದ ಕಣ್ಣಿಗೆ ಅದೇನು ಕಂಡಿತೋ, "ಕುದುರೆ ಸರಿದಿದೆ" ಅಂದರು. ನಿಜ. ಸಂಗ್ರಹಾಲಯದವರು ಜೋಪಾನಕ್ಕೆಂದು ತಂತಿ ಸಡಿಲಿಸಿದ್ದರು, ತಂತಿಗಳನ್ನು ಹೊರುವ ಆ ಪುಟ್ಟ ಮರದ ಕುದುರೆ ಜಾಗ ಬಿಟ್ಟು ಓರೆಯಾಗಿ ಕೂತಿತ್ತು. ಅತ್ತೆ ಬೆರಳಿನಿಂದ ಗಾಜಿನ ಮೇಲೆಯೇ ಅದನ್ನು ತಳ್ಳಿ ನೋಡಿದರು, ಒಂದು ಸಲ, ಇನ್ನೊಂದು ಸಲ.

ಕಾವಲಿನವನು ಬಂದ. "ಅಜ್ಜಿ, ಗಾಜು ಮುಟ್ಟಬಾರದು."

"ಸ್ವಲ್ಪ ತೆಗೀಪ್ಪ ಇದನ್ನ. ಕುದುರೆ ಸರಿಮಾಡಿ ಕೊಡ್ತೀನಿ."

"ಯಾರೂ ಮುಟ್ಟೋ ಹಾಗಿಲ್ಲ ಅಜ್ಜಿ."

"ನಾನು ಮಾಡಿದ್ದಪ್ಪ ಇದು," ಅಂದರು ಅತ್ತೆ. ದನಿ ಎತ್ತರಿಸಲಿಲ್ಲ, ಅಳಲೂ ಇಲ್ಲ. "ನಾನೇ ಮಾಡಿದ್ದು."

ಅಳಿಯ ತಲೆಯೆತ್ತಿ ಮೇಡಂ ಅವರನ್ನು ಹುಡುಕಿದ. ಅವರು ಆ ಕೋಣೆಯಲ್ಲಿರಲಿಲ್ಲ.

"ಆಯ್ತಜ್ಜಿ, ಆಯ್ತು," ಎಂದ ಕಾವಲಿನವನು, ಮಕ್ಕಳನ್ನು ರಮಿಸುವ ದನಿಯಲ್ಲಿ. "ಈ ಗೆರೆಯಿಂದ ಹಿಂದೆ ನಿಂತ್ಕೊಳ್ಳಿ. ಬೇರೆಯವರೂ ನೋಡಬೇಕಲ್ಲ."

ಅತ್ತೆ ಗೆರೆ ಎಲ್ಲಿದೆ ಅಂತ ಅಳಿಯನನ್ನು ಕೇಳಿ, ಹಿಂದೆ ಬಂದು ನಿಂತರು.